ಬೀದಿಗೇ ಒಳ್ಳೆ ಹುಡುಗ: ಮಾಮೂಲಿ ಮನೆಗಳಲ್ಲಿ ಗೇ ಆಗಿ ಬೆಳೆದವರು ಇಲ್ಲಿ ಬನ್ನಿ, ಸ್ವಲ್ಪ ನಗೋಣ

ಕಿರಿಮಗ, ತುಮಕೂರು

ನಮ್ಮ ಬೀದಿಯಲ್ಲಿ ನನ್ನಷ್ಟು ಒಳ್ಳೆ ಹುಡುಗ ಇನ್ನೊಬ್ಬ ಇರಲಿಲ್ಲ. ಇದು ನಾನು ಹೇಳ್ಕೊಳ್ಳೋ ಮಾತಲ್ಲ, ಬೀದಿಯವರೇ ಹೇಳ್ತಿದ್ದದ್ದು. ಪಕ್ಕದ ಮನೆ ಆಂಟಿ ಮಗನಿಗೆ ಬೈಯುವಾಗಲೆಲ್ಲ ನನ್ನ ಹೆಸರು ಎತ್ತೋರು. "ಅವನನ್ನ ನೋಡಿ ಕಲ್ತುಕೋ, ಒಂದು ಹುಡುಗಿ ಕಡೆ ಕಣ್ಣೆತ್ತಿ ನೋಡಲ್ಲ" ಅಂತ. ನಾನು ಕಣ್ಣೆತ್ತಿ ನೋಡ್ತಿದ್ದದ್ದು ಅವರ ಮಗನನ್ನೇ ಅಂತ ಆಂಟಿಗೆ ಗೊತ್ತಿರಲಿಲ್ಲ. ಮಗನಿಗೂ ಗೊತ್ತಿರಲಿಲ್ಲ ಬಿಡಿ, ಅವನು ಎದುರುಮನೆ ಹುಡುಗಿಗೆ ಚೀಟಿ ಬರೆಯೋದ್ರಲ್ಲಿ ಬಿಜಿ.

ಈ ಥ್ರೆಡ್ ನಗೋಕೆ ಮಾತ್ರ. ಅಳೋ ಕತೆ ನಮ್ಮಲ್ಲಿ ಬೇಕಾದಷ್ಟಿವೆ, ಅದಕ್ಕೆ ಬೇರೆ ಥ್ರೆಡ್ ಇದೆ, ಅಲ್ಲಿ ನಾನೂ ಅತ್ತಿದ್ದೀನಿ. ಇಲ್ಲಿ ಮಾಮೂಲಿ ಮನೆಗಳ ವಿಷಯ ಮಾತಾಡೋಣ. ಮಾಮೂಲಿ ಅಂದ್ರೆ ಅಪ್ಪನಿಗೆ ಗುಮಾಸ್ತೆ ಕೆಲಸ, ಅಮ್ಮನಿಗೆ ಚೀಟಿ ವ್ಯವಹಾರ, ಅಜ್ಜಿಗೆ ಮೊಣಕಾಲು ನೋವು, ಅಕ್ಕನ ಮದುವೆಗೆ ಸೊಸೈಟಿ ಸಾಲ. ಯಾರೂ ಕೆಟ್ಟವರಲ್ಲ, ಯಾರೂ ಕ್ರಾಂತಿಕಾರಿಗಳೂ ಅಲ್ಲ.

ನನ್ನ ವಾದ ಇಷ್ಟೇ. ಇಂಥ ಮನೆಗಳಲ್ಲಿ ಕಾವಲು ಇದ್ದದ್ದೆಲ್ಲ ಒಂದೇ ಬಾಗಿಲಿಗೆ. ಅಕ್ಕನಿಗೆ ಲ್ಯಾಂಡ್‌ಲೈನ್‌ಗೆ ಫೋನ್ ಬಂದ್ರೆ ಅಪ್ಪ ಪೇಪರ್ ಹಿಡ್ಕೊಂಡು ಪಕ್ಕದ ಕುರ್ಚಿಗೆ ಬಂದುಬಿಡೋರು. ಅವಳ ಕ್ಲಾಸಿನ ಹುಡುಗ ನೋಟ್ಸ್ ಕೇಳ್ಕೊಂಡು ಬಂದ್ರೆ ಗೇಟಿನಿಂದ ಈಚೆಗೆ ಬರೋ ಹಾಗಿಲ್ಲ. ಅದೇ ನಾನು ಇಂಜಿನಿಯರಿಂಗ್ ಕೊನೇ ವರ್ಷದಲ್ಲಿ ಕಂಬೈನ್ಡ್ ಸ್ಟಡಿ ಅಂತ ಒಬ್ಬನನ್ನ ಮನೆಗೆ ಕರ್ಕೊಂಡು ಬಂದಾಗ ನಡೆದ ಉಪಚಾರ ನೋಡ್ಬೇಕಿತ್ತು. "ಪಾಪ, ಹಾಸ್ಟೆಲ್ ಹುಡುಗ" ಅಂತ ಅಮ್ಮ ಅವನ ಮುದ್ದೆಗೆ ಬಸ್ಸಾರು ಸುರಿದಿದ್ದೇ ಸುರಿದಿದ್ದು. ಮಲಗೋ ಹೊತ್ತಿಗೆ ಅವನು ಚಾಪೆ ಬಿಡಿಸ್ತಿದ್ರೆ ಅಪ್ಪನೇ ಎದ್ದು ಬಂದು, "ಕೆಳಗ್ಯಾಕಪ್ಪಾ, ಮಂಚ ದೊಡ್ಡದಿದೆ, ಇಬ್ಬರೂ ಅಲ್ಲೇ ಮಲಕ್ಕೊಳ್ಳಿ. ಬಾಗಿಲು ಹಾಕ್ಕೊಳ್ಳಿ, ಸೊಳ್ಳೆ ಬರ್ತವೆ" ಅಂದ್ರು. ಗೇಟಲ್ಲಿ ನಿಂತು ನೋಟ್ಸ್ ಕೊಟ್ಟಿದ್ದಕ್ಕೆ ಅಕ್ಕನ ಹತ್ತಿರ ಮಾತು ಬಿಟ್ಟಿದ್ದ ಅದೇ ಅಪ್ಪ. ಅಕ್ಕ ಅವತ್ತು ನನ್ನ ಕಡೆ ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದೆ. ಮನೇಲಿ ಮೊದಲು ಅರ್ಥ ಆಗಿದ್ದು ಅವಳಿಗೇ. "ನಿನ್ನ ಅದೃಷ್ಟಕ್ಕಿಷ್ಟು ಬೆಂಕಿ ಹಾಕ" ಅಂದ್ಲು.

ನಿಮ್ಮ ಮನೇಲಿ ಹೇಗಿತ್ತು? ಬರೀರಿ.


ಗರಡಿ ಹುಡುಗ, ಮೈಸೂರು

ನಮ್ಮ ತಾತ ಹಳೇ ಪೈಲ್ವಾನ್ರು. ದಸರಾ ಅಂದ್ರೆ ಜಗತ್ತಿಗೆಲ್ಲ ಜಂಬೂ ಸವಾರಿ, ತಾತನಿಗೆ ದೊಡ್ಡಕೆರೆ ಮೈದಾನದ ಕುಸ್ತಿ. ನಾನು ಡಿಗ್ರಿ ಸೇರಿದ ವರ್ಷ "ಬಾರೋ, ಗಂಡಸರ ಆಟ ನೋಡು" ಅಂತ ಕರ್ಕೊಂಡು ಹೋದ್ರು. ನಾನು ಗಂಡಸರ ಆಟ ನೋಡಿದೆ ಸ್ವಾಮಿ. ಕಣ್ಣು ರೆಪ್ಪೆ ಹೊಡೀದೆ ನೋಡಿದೆ. ಬೇಗ ಯಾರೂ ಚಿತ್ ಆಗದ ಜೋಡಿ ಬಂದ್ರೆ ಜನ ಶಿಳ್ಳೆ ಹೊಡೆದು ಬೈತಿದ್ರು, ನನಗೆ ಇನ್ನೊಂದು ಸ್ವಲ್ಪ ಹೊತ್ತು ನಡೀಲಿ ದೇವರೇ ಅನ್ನಿಸ್ತಿತ್ತು. ತಾತ ಪಕ್ಕದಲ್ಲಿ ಕೂತು ನನ್ನ ಮುಖ ನೋಡಿದ್ರು, ಕಣ್ಣಲ್ಲಿ ನೀರು. "ನಿಮ್ಮಪ್ಪನಿಗೆ ಬರಲಿಲ್ಲ, ನಿನಗೆ ಬಂದಿದೆ ಈ ಹುಚ್ಚು" ಅಂದ್ರು.

ಮಾರನೇ ದಿನ ಬೆಳಗಿನ ಜಾವ ಗರಡಿಗೆ ಸೇರಿಸೇಬಿಟ್ರು. ಕೆಮ್ಮಣ್ಣಿನ ಮಟ್ಟಿ, ಎಣ್ಣೆ ವಾಸನೆ, ಹನುಮಂತನ ಪಟದ ಮುಂದೆ ಊದುಬತ್ತಿ, ಸುತ್ತ ಲಂಗೋಟಿ ಕಟ್ಟಿದ ಕಟ್ಟುಮಸ್ತಾದ ಜನ. ಉಸ್ತಾದರು ಎಲ್ಲರನ್ನೂ ಕೂರಿಸಿ ಗಂಭೀರವಾಗಿ ಹೇಳಿದ್ರು: "ಇಲ್ಲಿಗೆ ಬಂದ ಮೇಲೆ ಹೆಣ್ಣಿನ ಚಿಂತೆ ತಲೆಗೆ ಬರಬಾರದು." ಆ ನಿಯಮವನ್ನ ನಾನು ಇವತ್ತಿನವರೆಗೂ ಮುರಿದಿಲ್ಲ.

ಕುಸ್ತಿ ಮಾತ್ರ ಬರಲಿಲ್ಲ. ಸೋಲ್ತಿದ್ದೆ. "ಪಟ್ಟು ಬಿಡಿಸ್ಕೊಳ್ಳೋಕೆ ನೀನು ಪ್ರಯತ್ನಾನೇ ಪಡಲ್ವಲ್ಲೋ" ಅಂತ ಉಸ್ತಾದರು ತಲೆ ಚಚ್ಚಿಕೊಳ್ಳೋರು. ತಾತ ತೀರಿಹೋಗೋವರೆಗೂ ನನ್ನ ಬಾದಾಮಿ ಹಾಲಿನ ಖರ್ಚು ಅವರೇ ನೋಡ್ಕೊಂಡ್ರು.


ವಾಲ್ ಅಭಿಮಾನಿ, ಬೆಂಗಳೂರು

2001ರ ಮಾರ್ಚ್, ಕೋಲ್ಕತ್ತ ಟೆಸ್ಟ್. ಲಕ್ಷ್ಮಣ್ 281, ದ್ರಾವಿಡ್ 180, ನಾಲ್ಕನೇ ದಿನ ಪೂರ್ತಿ ಒಂದು ವಿಕೆಟ್ ಬೀಳಲಿಲ್ಲ. ನಾನು ಕಾಲೇಜಿಗೆ ಚಕ್ಕರ್ ಹೊಡೆದು ಟಿವಿ ಮುಂದೆ ಕೂತವನು ಎದ್ದಿಲ್ಲ. ಅಪ್ಪನಿಗೆ ಎಂಥಾ ಹೆಮ್ಮೆ ಅಂತೀರಿ. "ಈಗಿನ ಹುಡುಗರಿಗೆ ಟೆಸ್ಟ್ ನೋಡೋ ತಾಳ್ಮೆ ಎಲ್ಲಿದೆ? ನನ್ನ ಮಗನಿಗಿದೆ" ಅಂತ ಆಫೀಸ್ ತುಂಬಾ ಹೇಳ್ಕೊಂಡು ಬಂದ್ರು. ಸಂಜೆ ಬಂದು "ಲೀಡ್ ಎಷ್ಟಾಯ್ತೋ?" ಅಂದ್ರೆ ನನಗೆ ಗೊತ್ತಿಲ್ಲ. ದ್ರಾವಿಡ್ ಎಷ್ಟು ಸಲ ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಂಡ್ರು ಅಂತ ಕೇಳಿದ್ರೆ ಹೇಳ್ತಿದ್ದೆ.

ರೂಮಿನ ಗೋಡೆ ತುಂಬ ಅವರ ಫೋಟೋ. ಅಕ್ಕ ಒಂದು ಹೀರೋ ಫೋಟೋ ಅಂಟಿಸಿದ್ದಕ್ಕೆ ಮನೇಲಿ ಪಂಚಾಯ್ತಿ ಆಗಿತ್ತು. ನನ್ನದು ಕ್ರೀಡಾಸಕ್ತಿ.


ಕೋರಿರೊಟ್ಟಿ, ಮಂಗಳೂರು

ನಿಮ್ಮದು ಭಾರೀ ಸುಖ ಮಾರಾಯ್ರೆ. ಹುಡುಗರಿಗೆ ಮೂವತ್ತರ ತನಕ ರಜೆ ಉಂಟು. "ಸೆಟ್ಲ್ ಆಗ್ಲಿ, ಮನೆ ಕಟ್ಲಿ" ಅಂತ ಹೇಳ್ತಾರೆ. ನಮಗೆ ಡಿಗ್ರಿ ಸರ್ಟಿಫಿಕೇಟ್ ಕೈಗೆ ಬರುವ ಮೊದಲೇ ಜಾತಕ ಹೊರಗೆ ಹೋಗ್ತದೆ.

ಆದರೆ ಕಿರಿಮಗ ಹೇಳಿದ ಕಾವಲಿನ ಮಾತು ನೂರಕ್ಕೆ ನೂರು ಸತ್ಯ. ನನ್ನ ಗೆಳತಿ ಪಿಜಿಯಲ್ಲಿ ಒಟ್ಟಿಗೆ ಇದ್ದವಳು. ಅವಳು ಇದ್ದಾಳೆ ಅಂತ ಗೊತ್ತಾದರೆ ಅಪ್ಪನಿಗೆ ಧೈರ್ಯ. ರಾತ್ರಿ ಸಿನಿಮಾ, ಮಡಿಕೇರಿ ಟ್ರಿಪ್, ಎಂತದಕ್ಕೂ ಒಂದೇ ಪ್ರಶ್ನೆ: "ಅವಳೂ ಬರ್ತಾಳಲ್ಲ?" ಬರ್ತಾಳೆ ಅಪ್ಪ, ಅವಳಿಗೋಸ್ಕರವೇ ಹೋಗುವುದು. ಅಣ್ಣನ ಮದುವೆಗೆ ಅಮ್ಮ ನಮಗಿಬ್ಬರಿಗೂ ಒಂದೇ ಬಣ್ಣದ, ಒಂದೇ ಅಂಚಿನ ಸೀರೆ ತೆಗೆದುಕೊಟ್ಟರು. ಆ ಮದುವೆಯ ಫೋಟೋದಲ್ಲಿ ಅಣ್ಣ ಅತ್ತಿಗೆಗಿಂತ ನಮ್ಮದೇ ಜೋಡಿ ಚಂದ ಉಂಟು.

ಮತ್ತೆ ಜಾತಕದ ವಿಷಯ. ಜೋಯಿಸರು ನೋಡಿ ಕುಜದೋಷ ಅಂದ್ರು, ಅದರ ಮೇಲೆ ಸರ್ಪದೋಷ. ನಾನು ಒಳಗೊಳಗೇ ಕುಣಿದೆ, ಇನ್ನು ಯಾರೂ ಬರುವುದಿಲ್ಲ ಅಂತ. ಅಮ್ಮ ಬಿಡ್ತಾರಾ? ಕುಕ್ಕೆಯಲ್ಲಿ ಸರ್ಪ ಸಂಸ್ಕಾರಕ್ಕೆ ಬುಕ್ ಮಾಡಿ ಆಯ್ತು. ಅದು ಎರಡು ದಿನದ ಸೇವೆ, ಅಲ್ಲೇ ಉಳಿಯಬೇಕು. ಅಮ್ಮನಿಗೆ ಸೊಂಟನೋವು, ಸಹಾಯಕ್ಕೆ ಒಬ್ಬರು ಬೇಕು. ಯಾರು ಬಂದದ್ದು? ಅವಳೇ! ಸಾಲಿನಲ್ಲಿ ಪಕ್ಕಪಕ್ಕ ಕೂತು ಪ್ರಸಾದ ಊಟ ಮಾಡಿದೆವು. ಅಮ್ಮ ಗರ್ಭಗುಡಿ ಎದುರು ನಿಂತು, ನಮಗೆ ಕೇಳುವ ಹಾಗೆ, "ಇವಳಿಗೊಂದು ಒಳ್ಳೆ ಜೋಡಿ ಕೊಡಪ್ಪ ಸುಬ್ರಹ್ಮಣ್ಯ" ಅಂತ ಕೈ ಮುಗಿದರು. ಅರ್ಜಿ ಹಾಕುವ ಮೊದಲೇ ಮಂಜೂರಾದದ್ದು ನೋಡಿ ದೇವರಿಗೂ ನಗು ಬಂದಿರಬೇಕು.

ಈಗ ಅಮ್ಮನಿಗೆ ಗೊತ್ತುಂಟು. ಹೇಳಿದ ದಿನ ಅಮ್ಮ ಕೂಗಾಡಲಿಲ್ಲ. ತುಂಬಾ ಹೊತ್ತು ಯೋಚನೆ ಮಾಡಿ, "ಹಾಗಾದರೆ ಕುಕ್ಕೆಗೆ ಕೊಟ್ಟ ದುಡ್ಡು?" ಅಂದ್ರು.


ಕಟುಸತ್ಯ

ನಗೋದಕ್ಕೇನಿದೆ ಇದರಲ್ಲಿ? ಇದೆಲ್ಲ ನಮ್ಮ ಸಂಸ್ಕೃತಿ ಅಲ್ಲ. ಪಾಶ್ಚಾತ್ಯರಿಂದ ಬಂದದ್ದು. ನಮ್ಮ ಅಜ್ಜ ಮುತ್ತಜ್ಜನ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?


ಗಿರಮಿಟ್, ಹುಬ್ಬಳ್ಳಿ

ಕಟುಸತ್ಯ ಅಣ್ಣಾರ, ವಿಲಾಯತಿಯಿಂದ ಬಂದಿದ್ದು ನಾವಲ್ರಿ, ಕಾಯ್ದೆ. ಮೆಕಾಲೆ ಸಾಹೇಬ ಕರಡು ಬರದ ದಂಡಸಂಹಿತೆ 1860ಕ್ಕ ಪಾಸ್ ಆತು, ನಮ್ಮಂಥವರ ಸಂಬಂಧ ಅಪರಾಧ ಅನ್ನೋ 377ನೇ ಕಲಂ ಅದರಾಗ ಕುಂತಿತ್ತು. ಅವರು ತಮ್ಮ ಇಂಗ್ಲೆಂಡಿನಾಗ 1967ಕ್ಕ ಸಡಿಲ ಮಾಡ್ಕೊಂಡ್ರು. ನಾವು ಅದನ್ನ ಅಜ್ಜನ ಆಸ್ತಿ ಅನ್ನೋಹಂಗ 2018ರ ತನಕ ಕಾದ್ವಿ. ಎಲ್ಲಿತ್ತು ಅಂತ ಕೇಳೀರಿ. ನಮ್ಮ ಮನ್ಯಾಗಿತ್ರಿ, ಹಿತ್ತಲ ಖೋಲ್ಯಾಗ, ನಾನು.

ಇನ್ನ ನನ್ನ ಕತಿ ಕೇಳ್ರಿ. ಬೆಂಗಳೂರಾಗ ನೌಕರಿ ಸಿಕ್ಕ ಮ್ಯಾಲೆ ಧೈರ್ಯ ಮಾಡಿ ಅವ್ವಗ ಹೇಳಿದೆ. ಅಕಿ ಮೊದಲ ಕೇಳಿದ್ದು: "ಯಾಕೋ, ಎಲ್ಲಮ್ಮ ಮೈಮ್ಯಾಲೆ ಬಂದಾಳೇನು?" ನಮ್ಮ ಕಡೆ ಜೋಗಪ್ಪಗೋಳು ಎಲ್ಲಾರಿಗೂ ಗೊತ್ತು. ಗಂಡ ಹುಡುಗ ಸೀರಿ ಉಟ್ಟು ತಾಯಿ ಹೆಸರಿಲೆ ಕೊಡ ಹೊತ್ತ ಅಂದ್ರ ಮಂದಿ ಕೈ ಮುಗೀತಾರ, ಬೆನ್ನ ಹಿಂದ ನಗತಾರ, ಎರಡೂ ಐತಿ. ಅವ್ವಗ ಗೊತ್ತಿದ್ದ ಲೆಕ್ಕ ಅದೊಂದ. ಹುಣ್ಣಿವಿಗೆ ಸವದತ್ತಿ ಗುಡ್ಡಕ್ಕ ಎಳಕೊಂಡ ಹ್ವಾದ್ಲು.

ಅಲ್ಲೊಬ್ಬಾಕಿ ಹಿರೇ ಜೋಗತಿ ಕುಂತಿದ್ಲು, ಹಣಿ ತುಂಬ ಭಂಡಾರ, ಬಾಯಾಗ ಎಲಿ ಅಡಕಿ. ಅವ್ವ ಕಾಲಿಗೆ ಬಿದ್ದು ಹೇಳಿದ್ಲು. ಆಕಿ ನನ್ನ ಮ್ಯಾಲಿಂದ ಕೆಳಗ ನೋಡಿ, "ಯಾಕೋ ತಮ್ಮ, ಸೀರಿ ಉಡಬೇಕು ಅನಸ್ತೈತೇನು?" ಅಂದ್ಲು.

"ಇಲ್ಲಬೇ."

"ಕನಸಿನ್ಯಾಗ ತಾಯಿ ಬರ್ತಾಳೇನು?"

"ಇಲ್ಲಬೇ."

"ಮತ್ತೇನಾಗೇತಿ?"

"ಹುಡುಗ್ರು ಸೇರ್ತಾರ."

ಆಕಿ ಎಲಿ ಉಗುಳಿ ನಕ್ಕಳು ನೋಡ್ರಿ, ಗುಡ್ಡ ಅದುರೋಹಂಗ. "ಅಯ್ಯ ಯವ್ವಾ, ಹುಡುಗ್ರು ನಿನಗೂ ಸೇರಿದ್ರು, ಅದಕ್ಕ ಇಂವಾ ಹುಟ್ಟ್ಯಾನ. ಅದಕ್ಕ ತಾಯಿ ಯಾಕ ಬರಬೇಕು? ಸುಮ್ನ ಮನಿಗೆ ಕರಕೊಂಡ ಹೋಗು, ರೊಟ್ಟಿ ಹಾಕು, ಸೊರಗ್ಯಾನ." ಗುಡ್ಡದಾಗ ಹೇಳಿದ ಮ್ಯಾಲೆ ಅಪೀಲ್ ಇಲ್ಲ. ನಮ್ಮಪ್ಪ ಏನ್ ಅಂದ್ರೂ ಅವ್ವ "ಎಲ್ಲಮ್ಮನ ಕಡೇಯವರು ಹೇಳ್ಯಾರ" ಅಂತ ಬಾಯಿ ಮುಚ್ಚಸ್ತಿದ್ಲು.

2021ರಾಗ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂತಲ್ಲ, ಟಿವ್ಯಾಗ ರಾಷ್ಟ್ರಪತಿಗೆ ಸೆರಗಿಲೆ ದೃಷ್ಟಿ ತಗದಿದ್ದು ತೋರಿಸಿದ್ರು. ಅವತ್ತ ಸಂಜಿಕೆ ಅವ್ವನ ಫೋನ್: "ನೋಡು, ನೀ ಅವತ್ತ ಖರೇ ಜೋಗಪ್ಪ ಆಗಿದ್ರ ಪದ್ಮಶ್ರೀ ಆದ್ರೂ ಬರ್ತಿತ್ತು. ಸಾಫ್ಟ್‌ವೇರ್ ಮಾಡಿ ಏನ್ ಗಳಿಸಿದಿ?"


ನಿರ್ವಾಹಕಿ

ಕಟುಸತ್ಯ ಅವರ ಎರಡನೇ ಪ್ರತಿಕ್ರಿಯೆ ತೆಗೆದಿದ್ದೇನೆ. ಮೊದಲನೆಯದು ಇರಲಿ, ಅದಿಲ್ಲದಿದ್ದರೆ ಗಿರಮಿಟ್ ಉತ್ತರ ಅರ್ಥವಾಗುವುದಿಲ್ಲ.


ವಾಲ್ ಅಭಿಮಾನಿ, ಬೆಂಗಳೂರು

ಗಿರಮಿಟ್, ನಿಮ್ಮವ್ವನಿಗೆ ನನ್ನದೊಂದು ನಮಸ್ಕಾರ. ನಮ್ಮ ಚಿಕ್ಕಮ್ಮನದೂ ಇದೇ ಜಾತಿ. 2008ರಲ್ಲಿ ಬೆಂಗಳೂರಲ್ಲಿ ಮೊದಲ ಪ್ರೈಡ್ ಮೆರವಣಿಗೆ ಆಯ್ತಲ್ಲ, ಆಗಿನ್ನೂ 377 ಇತ್ತು, ಮುಖ ತೋರಿಸೋಕೆ ಹೆದರಿಕೆ. ನಾನು ಮುಖವಾಡ ಹಾಕ್ಕೊಂಡು ಹೋದೆ. ಮಾರನೇ ದಿನ ಪೇಪರಲ್ಲಿ ಫೋಟೋ. ಬೆಳಿಗ್ಗೆ ಕಾಫಿ ಕುಡಿಯೋ ಮುಂಚೆ ಚಿಕ್ಕಮ್ಮ ಫೋನ್ ಮಾಡಿದ್ರು. ನನ್ನ ಕೈಕಾಲು ತಣ್ಣಗಾಯ್ತು. "ಮುಖ ಮುಚ್ಕೊಂಡ್ರೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ಆ ಶರ್ಟ್ ದೀಪಾವಳಿಗೆ ನಾನೇ ತಂದುಕೊಟ್ಟದ್ದು. ಪೇಪರಲ್ಲಿ ಬರೋನು ಒಂದು ಇಸ್ತ್ರಿ ಹಾಕ್ಕೊಂಡು ಹೋಗೋಕೆ ಆಗಲಿಲ್ವಾ?"

ಅಷ್ಟೇ. ಮೆರವಣಿಗೆ ಯಾತಕ್ಕೆ ಅಂತ ಇವತ್ತಿಗೂ ಕೇಳಿಲ್ಲ. ಆದರೆ ಆಮೇಲೆ ಪ್ರತಿ ಹಬ್ಬಕ್ಕೂ ಸ್ವಲ್ಪ ಜಾಸ್ತಿ ಬಣ್ಣ ಇರೋ ಶರ್ಟೇ ಬರ್ತಿವೆ.


ಕಿರಿಮಗ, ತುಮಕೂರು

ಗುಡ್ಡ, ಕುಕ್ಕೆ ಎಲ್ಲ ಆಯ್ತು, ಈಗ ರಾಯರ ಸರದಿ.

ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದಾಗ ಜಯನಗರದ ದೊಡ್ಡಮ್ಮನ ಮನೇಲಿ ಇದ್ದೆ. ಆಗ ಗುಡ್ ಆ್ಯಸ್ ಯು ಅನ್ನೋ ಗುಂಪಿನ ವಿಷಯ ತಿಳೀತು. 1994ರಿಂದ ನಡೀತಿರೋ ಬಳಗ, ನಮ್ಮಂಥವರು ವಾರಕ್ಕೊಂದು ಸಂಜೆ ಸೇರಿ ಮಾತಾಡೋ ಜಾಗ. ಸೇರೋದು ಗುರುವಾರ. ಮೊದಲ ಸಲ ಹೊರಟಾಗ ದೊಡ್ಡಮ್ಮ ಬಾಗಿಲಲ್ಲೇ ಹಿಡಿದು "ಎಲ್ಲಿಗೋ ಇಷ್ಟು ನೀಟಾಗಿ?" ಅಂದ್ರು. ಗುರುವಾರ ಅಂದ ತಕ್ಷಣ ಬಾಯಿಗೆ ಬಂದದ್ದು "ರಾಯರ ಮಠಕ್ಕೆ".

ದೊಡ್ಡಮ್ಮನ ಮುಖ ಅರಳ್ತು. "ಬರುವಾಗ ಮಂತ್ರಾಕ್ಷತೆ ತಗೊಂಡು ಬಾ." ಮುಗೀತು ಕತೆ. ಅವತ್ತಿಂದ ನಾನು ಪ್ರತಿ ಗುರುವಾರ ಮೊದಲು ಐದನೇ ಬ್ಲಾಕ್ ಮಠಕ್ಕೆ ಹೋಗಿ, ಸಾಲಲ್ಲಿ ನಿಂತು, ಪ್ರದಕ್ಷಿಣೆ ಹಾಕಿ, ಮಂತ್ರಾಕ್ಷತೆ ಜೇಬಿಗೆ ಹಾಕ್ಕೊಂಡು, ಬಸ್ ಹಿಡಿದು ಮೀಟಿಂಗಿಗೆ ತಡವಾಗಿ ಹೋಗೋದು. ಅಲ್ಲಿ ಹೊಸಬ ಯಾರಾದ್ರೂ ಗಾಬರಿಯಲ್ಲಿ ಕೂತಿದ್ರೆ ನಾನೇ ಎರಡು ಕಾಳು ಕೊಡ್ತಿದ್ದೆ. ತಲೆ ಮೇಲೆ ಹಾಕ್ಕೊಂಡು ಸ್ವಲ್ಪ ಸಮಾಧಾನ ಆಗೋರು. ದೊಡ್ಡಮ್ಮ ಊರಿಗೆಲ್ಲ ಫೋನ್ ಮಾಡಿ ನನ್ನ ಭಕ್ತಿ ಬಣ್ಣಿಸಿದ್ರು. ಸಂಬಂಧಗಳ ಗುಣಮಟ್ಟ ಏರಿತು. ಮುಂಚೆ ಬಿಕಾಂ ಹುಡುಗಿಯರ ಜಾತಕ ಬರ್ತಿತ್ತು, ಈಗ ಇಂಜಿನಿಯರ್‌ಗಳದ್ದು.

ಅಮ್ಮನಿಗೆ ಎಲ್ಲ ಹೇಳಿದ್ದು 2018ರ ತೀರ್ಪು ಬಂದ ಮೇಲೆ. ಅಮ್ಮ ಅತ್ತದ್ದೆಲ್ಲ ಆಯ್ತು, ಅದನ್ನ ಇಲ್ಲಿ ಬರೆಯಲ್ಲ. ಒಂದಷ್ಟು ತಿಂಗಳು ಕಳೆದ ಮೇಲೆ ಕೋರ್ಟಿನ ಕತೆ ಹೇಳು ಅಂದ್ರು. ಗೋಡೆ ಮೇಲಿನ ಹಳೇ ಪಂಚಾಂಗದ ಕ್ಯಾಲೆಂಡರ್‌ಗಳನ್ನ ಅಮ್ಮ ಎಸೆಯೋದೇ ಇಲ್ಲ, ಹಿಂದುಗಡೆ ಹಾಲಿನ ಲೆಕ್ಕ ಇರುತ್ತೆ. ಅದನ್ನೆಲ್ಲ ತಗೊಂಡು ಕೂತ್ರು. ದೆಹಲಿ ಹೈಕೋರ್ಟ್ ನಮ್ಮ ಪರ ಹೇಳಿದ್ದು 2009ರ ಜುಲೈ 2. ಗುರುವಾರ. ಸುಪ್ರೀಂ ಕೋರ್ಟ್ ಅದನ್ನ ತಳ್ಳಿಹಾಕಿದ್ದು 2013ರ ಡಿಸೆಂಬರ್ 11. ಬುಧವಾರ. ಐದು ಜಡ್ಜ್‌ಗಳ ಪೀಠ ಇದು ಅಪರಾಧ ಅಲ್ಲ ಅಂದದ್ದು 2018ರ ಸೆಪ್ಟೆಂಬರ್ 6. ಗುರುವಾರ! ಅಮ್ಮ ಕನ್ನಡಕ ತೆಗೆದು ರಾಯರ ಫೋಟೋಗೆ ಕೈ ಮುಗಿದ್ರು. "ಸುಳ್ಳು ಹೇಳ್ಕೊಂಡು ಹೋದ್ರೂ ಮಠಕ್ಕೆ ಹೋಗಿದ್ಯಲ್ಲ, ರಾಯರು ಲೆಕ್ಕ ಇಟ್ಟಿದ್ದಾರೆ."

2023ರ ಅಕ್ಟೋಬರ್ 17ಕ್ಕೆ ಮದುವೆ ಕೇಸಿನ ತೀರ್ಪು ಬಂತು. ಮದುವೆ ಮೂಲಭೂತ ಹಕ್ಕಲ್ಲ, ಅದು ಸಂಸತ್ತಿನ ಕೆಲಸ ಅಂತ ಹೇಳಿ ಕೈ ತೊಳ್ಕೊಂಡ್ರು. ನಾನು ಮಂಕಾಗಿ ಫೋನ್ ಮಾಡಿದ್ರೆ ಅಮ್ಮನಿಗೆ ಬಂತು ಸಿಟ್ಟು. "ಮಂಗಳವಾರ ಯಾರಾದ್ರೂ ಮದುವೆ ಮಾತು ಎತ್ತುತಾರೇನೋ? ಅಷ್ಟು ದೊಡ್ಡ ಲಾಯರ್‌ಗಳು, ಒಬ್ಬರಿಗೂ ಕ್ಯಾಲೆಂಡರ್ ನೋಡ್ಬೇಕು ಅನ್ನಿಸಲಿಲ್ವಾ?"


ನಿವೃತ್ತ ಮೇಷ್ಟ್ರು, ಶಿವಮೊಗ್ಗ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಹೊಸಬ. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಕಳೆದ ದೀಪಾವಳಿಗೆ ಬಂದಾಗ ನಮ್ಮ ಮಗ ನಿಮ್ಮೆಲ್ಲರ ವಿಷಯವೇ ತನ್ನದೂ ಎಂದು ತಿಳಿಸಿದ. ಅಂದಿನಿಂದ ನನಗೂ ನನ್ನ ಪತ್ನಿಗೂ ಸರಿಯಾಗಿ ನಿದ್ದೆ ಇಲ್ಲ. ಈ ಚರ್ಚೆಯನ್ನು ಮೊದಲಿನಿಂದ ಓದಿದೆ. ಗರಡಿಯ ಪ್ರಸಂಗ ಓದಿ ಜೋರಾಗಿ ನಕ್ಕೆ, ಪತ್ನಿ ಅಡುಗೆಮನೆಯಿಂದ ಓಡಿ ಬಂದಳು, ಬಹಳ ದಿನಗಳ ಮೇಲೆ ನಮ್ಮ ಮನೆಯಲ್ಲಿ ಕೇಳಿದ ನಗು ಅದು.

ನನ್ನದು ಗಂಭೀರ ಪ್ರಶ್ನೆ, ದಯವಿಟ್ಟು ಬೇಸರಿಸಬೇಡಿ. ಮಗನನ್ನು ವೈದ್ಯರಿಗೆ ತೋರಿಸಬೇಕೇ? ನನ್ನ ಭಾವಮೈದ ಒಬ್ಬ ವೈದ್ಯರ ವಿಳಾಸ ಕೊಟ್ಟಿದ್ದಾರೆ. ಮೂರು ತಿಂಗಳಲ್ಲಿ ಗ್ಯಾರಂಟಿ ಎನ್ನುತ್ತಾರೆ.


ಡಾಕ್ಟರಮ್ಮ, ದಾವಣಗೆರೆ

ಮೇಷ್ಟ್ರೇ, ಗ್ಯಾರಂಟಿ ಕೊಡುವ ವೈದ್ಯರನ್ನು ನೆಗಡಿಗೂ ನಂಬಬೇಡಿ.

ಇದು ಕಾಯಿಲೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿದೆ. ನಮ್ಮ ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಬಹಿರಂಗವಾಗಿ ಅದನ್ನೇ ಹೇಳಿತು. "ಸರಿ ಮಾಡ್ತೀನಿ" ಅಂತ ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿದೆ. ಹಾಗಾಗಿ ಆ ಮೂರು ತಿಂಗಳ ಪ್ಯಾಕೇಜ್‌ನಲ್ಲಿ ಗ್ಯಾರಂಟಿಯಾಗಿ ಖಾಲಿಯಾಗುವುದು ನಿಮ್ಮ ಉಳಿತಾಯ ಖಾತೆ ಮಾತ್ರ. ಮಕ್ಕಳನ್ನು ಇಂಥ ಕಡೆ ಎಳೆದುಕೊಂಡು ಹೋಗಿ ಆದ ಗಾಯಗಳನ್ನು ನಾನು ನೋಡಿದ್ದೇನೆ, ಅದು ಈ ಥ್ರೆಡ್‌ಗೆ ಬೇಡ.

ನಿಮ್ಮ ಮಗನನ್ನು ನಾನು ನೋಡಬೇಕಾಗಿಲ್ಲ. ನಿಮ್ಮಿಬ್ಬರ ಬಿಪಿ ಮಾತ್ರ ಚೆಕ್ ಮಾಡಿಸಿಕೊಳ್ಳಿ, ನಿದ್ದೆ ಇಲ್ಲ ಅಂತ ನೀವೇ ಬರೆದಿದ್ದೀರಿ.

ಮಾತಾಡೋಕೆ ನಿಮ್ಮಂಥವರೇ ಬೇಕು ಅನ್ನಿಸಿದರೆ ಸ್ವೀಕಾರ್ ಅಂತ ಅಪ್ಪ ಅಮ್ಮಂದಿರದ್ದೇ ಒಂದು ಗುಂಪಿದೆ. 2023ರಲ್ಲಿ ಮದುವೆ ಕೇಸು ನಡೆಯುವಾಗ 400ಕ್ಕೂ ಹೆಚ್ಚು ಪಾಲಕರು "ನಮ್ಮ ಮಕ್ಕಳ ಮದುವೆ ನೋಡಬೇಕು" ಅಂತ ಮುಖ್ಯ ನ್ಯಾಯಮೂರ್ತಿಗಳಿಗೆ ಕಾಗದ ಬರೆದರು, ಅವರೇ. ಓದುವ ಅಭ್ಯಾಸ ಇದ್ದರೆ ಕನ್ನಡದಲ್ಲೇ ವಸುಧೇಂದ್ರರ 'ಮೋಹನಸ್ವಾಮಿ' ಇದೆ, 2013ರಲ್ಲಿ ಬಂದದ್ದು. ನೀವು ಓದಿ ಟೀಪಾಯಿ ಮೇಲೆ ಮರೆತ ಹಾಗೆ ಬಿಟ್ಟುಬಿಡಿ. ಮನೆಯವರು ತಾವಾಗಿಯೇ ಎತ್ತಿಕೊಳ್ಳುತ್ತಾರೆ.


ಎಡಿಸನ್ ಕನ್ನಡಿಗ, ನ್ಯೂಜೆರ್ಸಿ

ಮೇಷ್ಟ್ರೇ, ನಮ್ಮಪ್ಪನ ಕತೆ ಹೇಳ್ತೀನಿ, ಸ್ವಲ್ಪ ಧೈರ್ಯ ಬರಬಹುದು. ಅವರು ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರ್ ಆದವರು. ಅಪ್ಪ ದಾವಣಗೆರೆಯಲ್ಲಿ ಇರೋವಾಗ ನನ್ನ ಜೊತೆಗಾರನನ್ನ "ರೂಮ್‌ಮೇಟ್" ಅಂತ ಪರಿಚಯ ಮಾಡಿಕೊಟ್ಟಿದ್ದೆ. ನಾವು ಮನೆ ತಗೊಂಡ್ವಿ. ಅಪ್ಪ ಫೋನಲ್ಲಿ "ರೂಮ್‌ಮೇಟೂ ಅಲ್ಲಿಗೇ ಬಂದ್ನಾ?" ಅಂದ್ರು. ಬಂದ ಅಪ್ಪ. ನಾಯಿ ಸಾಕಿದ್ವಿ. "ನಾಯಿ ಯಾರದ್ದು?" ಇಬ್ಬರದ್ದೂ ಅಪ್ಪ. ಬಾಡಿಗೆ ಎಷ್ಟು ಕೊಡ್ತಾನೆ ಅಂತ ಮಾತ್ರ ಪ್ರತಿ ವಾರ ಕೇಳೋರು. ಕೊಡಲ್ಲ ಅಂದ್ರೆ ನನ್ನ ವ್ಯವಹಾರಜ್ಞಾನದ ಬಗ್ಗೆ ಚಿಂತೆ.

ಆಮೇಲೆ ಇಲ್ಲಿಗೆ ಬಂದು ಆರು ತಿಂಗಳು ಉಳ್ಕೊಂಡ್ರು. ಚಳಿಗಾಲ, ಹೊರಗೆ ಹೋಗೋ ಹಾಗಿಲ್ಲ, ಕೈಗೆ ಕೆಲಸ ಬೇಕು. ನನ್ನ ಟ್ಯಾಕ್ಸ್ ಕಾಗದಪತ್ರ ಇಟ್ಕೊಂಡು ಕೂತ್ರು. ಒಂದು ರಾತ್ರಿ ಊಟಕ್ಕೆ ಕೂತಾಗ ನಾನು ಹೇಳೇಬಿಟ್ಟೆ. ಅಮ್ಮ ಚಪಾತಿ ಕೈಲಿ ಹಿಡ್ಕೊಂಡು ಹಾಗೇ ನಿಂತ್ರು. ಅಪ್ಪ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ರು: "ಇಲ್ಲಿ ನಿಮಗೆ ಮದುವೆ ಕಾನೂನುಬದ್ಧಾನಾ?" ಈ ರಾಜ್ಯದಲ್ಲಿ 2013ರಿಂದ, ಇಡೀ ದೇಶದಲ್ಲಿ 2015ರಿಂದ ಅಂದೆ. ಅಪ್ಪ ಒಳಗೆ ಹೋದ್ರು. ಮುಗೀತು, ನಾಳೆ ಟಿಕೆಟ್ ಬುಕ್ ಮಾಡು ಅಂತಾರೆ ಅಂದ್ಕೊಂಡೆ. ಕ್ಯಾಲ್ಕ್ಯುಲೇಟರ್ ಹಿಡ್ಕೊಂಡು ಈಚೆಗೆ ಬಂದ್ರು. "ಅವನ ಸಂಬಳ ಎಷ್ಟು?" ಆಗ ಅವನು ಪಿಎಚ್‌ಡಿ ಮುಗಿಸ್ತಿದ್ದ, ಸ್ಟೈಪೆಂಡ್ ಅಷ್ಟೇ. ಅಪ್ಪ ಒಂದಷ್ಟು ಕುಟ್ಟಿ ನೋಡಿ ಕ್ಯಾಲ್ಕ್ಯುಲೇಟರನ್ನ ಮೇಜಿನ ಮೇಲೆ ಕುಕ್ಕಿದ್ರು. "ಮದುವೆ ಆಗಿ ಜಾಯಿಂಟ್ ರಿಟರ್ನ್ ಫೈಲ್ ಮಾಡಿದ್ರೆ ಎಷ್ಟು ಉಳಿಯೋದು ಗೊತ್ತಾ? ಇಷ್ಟು ವರ್ಷ ಸುಮ್ಮನೆ ಕಟ್ಟಿದ್ದೀಯಲ್ಲೋ, ಬುದ್ಧಿ ಇದೆಯಾ ನಿನಗೆ?"

ನಮ್ಮ ಮದುವೆ ಮಾರ್ಚ್ ಒಳಗೆ ಆಗಲಿ ಅಂತ ಹಟ ಹಿಡಿದ್ರು. ಅಮೆರಿಕದ ತೆರಿಗೆ ವರ್ಷ ಡಿಸೆಂಬರ್‌ಗೆ ಮುಗಿಯುತ್ತೆ ಅಂತ ಒಪ್ಪಿಸೋದೇ ಕಷ್ಟ ಆಯ್ತು.


ಗರಡಿ ಹುಡುಗ, ಮೈಸೂರು

ನಿಮ್ಮಪ್ಪನನ್ನ ಸ್ವಲ್ಪ ದಿನ ಸಾಲ ಕೊಡಿ ಸಾರ್.

ನಮಗೆ ಮದುವೆ ಇಲ್ಲ, ಆದರೆ 2024ರ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಇಲಾಖೆ ಒಂದು ಸ್ಪಷ್ಟನೆ ಕೊಡ್ತು: ನಮ್ಮಂಥವರು ಜಾಯಿಂಟ್ ಅಕೌಂಟ್ ತೆರೆಯೋಕೆ, ಜೊತೆಗಾರನನ್ನ ನಾಮಿನಿ ಮಾಡೋಕೆ ಯಾವ ಅಡ್ಡಿನೂ ಇಲ್ಲ ಅಂತ. ಹಾಗೇ ರೇಷನ್ ಕಾರ್ಡಿಗೆ ಜೊತೆಗಾರರನ್ನ ಒಂದೇ ಕುಟುಂಬ ಅಂತ ನೋಡಿ ಅಂತ ಆಹಾರ ಇಲಾಖೆ ರಾಜ್ಯಗಳಿಗೆ ಬರೀತು. ನಾನು ಇದನ್ನ ಅಜ್ಜಿಗೆ ಓದಿ ಹೇಳಿದೆ. ತಾತನ ಹೆಂಡತಿ, ಈಗ ತೊಂಬತ್ತರ ಹತ್ತಿರ. ನನ್ನ ವಿಷಯ ಅಜ್ಜಿಗೆ ಎಷ್ಟು ಅರ್ಥ ಆಗಿದೆ ಅಂತ ನನಗೆ ಇವತ್ತಿಗೂ ಅಂದಾಜಿಲ್ಲ. ಜಾಯಿಂಟ್ ಅಕೌಂಟ್ ಅಂದ್ರೆ ತಲೆ ಅಲ್ಲಾಡಿಸಲಿಲ್ಲ. ರೇಷನ್ ಕಾರ್ಡ್ ಅಂದ ತಕ್ಷಣ ಎದ್ದು ಕೂತ್ರು.

"ಕಾರ್ಡಲ್ಲಿ ಹೆಸರು ಬೀಳುತ್ತಾ?"

"ಬೀಳಬಹುದು ಅಜ್ಜಿ."

"ಮತ್ತಿನ್ನೇನೋ, ಆದಂಗೇ ಆಯ್ತಲ್ಲ. ನಂದೂ ನಿಮ್ಮ ತಾತಂದೂ ಏನು ರಿಜಿಸ್ಟ್ರಿ ಆಗಿತ್ತಾ? ಕಾರ್ಡಲ್ಲಿ ಹೆಸರಿತ್ತು, ಅಷ್ಟೇ." ಆಮೇಲೆ ಇನ್ನೊಂದು ಪ್ರಶ್ನೆ: "ತಲೆಗೆ ಐದು ಕೆಜಿ ಅಕ್ಕಿ ಅವನದ್ದೂ ಸೇರಿಸಿ ಕೊಡ್ತಾರೆ ತಾನೆ?"

ನಮ್ಮಿಬ್ಬರಿಗೂ ಸಂಬಳ ಬರುತ್ತೆ ಅಜ್ಜಿ, ಬಿಪಿಎಲ್ ಕಾರ್ಡ್ ಕೊಡಲ್ಲ ಅಂದೆ. "ಹಂಗಾದ್ರೆ ಏನುಪಯೋಗ" ಅಂತ ಮತ್ತೆ ಮಲಗಿದ್ರು.


ಕೋರಿರೊಟ್ಟಿ, ಮಂಗಳೂರು

ಬ್ಯಾಂಕಿನಲ್ಲಿ ನಾವು ಜಾಯಿಂಟ್ ಅಕೌಂಟ್ ಮಾಡಿಸಿದ್ದು ಆ ಸ್ಪಷ್ಟನೆಗಿಂತ ಎಷ್ಟೋ ಮೊದಲು. ಫಾರಂನಲ್ಲಿ ಸಂಬಂಧ ಅಂತ ಕೇಳಿದ ಕಡೆ ಕೌಂಟರಿನ ಅಕ್ಕ ನಮ್ಮನ್ನು ನೋಡಿ, ಏನೂ ಕೇಳದೆ, "ಸಿಸ್ಟರ್" ಅಂತ ಬರೆದುಬಿಟ್ಟರು. ಒಬ್ಬಳ ಇನಿಶಿಯಲ್ ಕೆ, ಇನ್ನೊಬ್ಬಳದ್ದು ಡಿಸೋಜ. ಯಾವ ಅಪ್ಪ ಮಾರಾಯ್ರೆ ಅದು?


ನಿವೃತ್ತ ಮೇಷ್ಟ್ರು, ಶಿವಮೊಗ್ಗ ಜಿಲ್ಲೆ

ಎಲ್ಲರ ಉತ್ತರಗಳಿಗೂ ಧನ್ಯವಾದ. ಡಾಕ್ಟರಮ್ಮನವರೇ, ಬಿಪಿ ನೋಡಿಸಿದೆವು. ನನ್ನದು ಸರಿಯಿದೆ, ಅವಳದು ಸ್ವಲ್ಪ ಹೆಚ್ಚು. ಪುಸ್ತಕ ತರಿಸಿದ್ದೇನೆ. ಟೀಪಾಯಿಯ ಮೇಲೆ ಬಿಟ್ಟ ಮರುದಿನವೇ ಕಾಣೆಯಾಯಿತು, ದಿಂಬಿನ ಕೆಳಗೆ ಸಿಕ್ಕಿತು, ಗುರುತಿಗೆ ಹಾಲಿನ ಚೀಟಿ ಇಟ್ಟಿದ್ದಾಳೆ. ಭಾವಮೈದನಿಗೆ ಆ ವಿಳಾಸ ಹಿಂತಿರುಗಿಸಿದೆ.

ಈಗ ಹೊಸ ಸಮಸ್ಯೆ. ಮಗ ಬರುವ ಭಾನುವಾರ ಗೆಳೆಯನನ್ನು ಕರೆದುಕೊಂಡು ಬರುತ್ತಾನಂತೆ. ಊಟಕ್ಕೆ ಏನು ಮಾಡುವುದು ಎಂದು ನನ್ನ ಪತ್ನಿ ಕೇಳುತ್ತಿದ್ದಾಳೆ. ಮೊದಲ ಸಲ ಬರುವ ಅಳಿಯನಿಗಾದರೆ ಒಬ್ಬಟ್ಟು, ಸುಮ್ಮನೆ ಸ್ನೇಹಿತನಾದರೆ ಪಾಯಸ ಸಾಕು ಎನ್ನುವುದು ಅವಳ ಲೆಕ್ಕ. ಅನುಭವಸ್ಥರು ಹೇಳಬೇಕು.


ಗಿರಮಿಟ್, ಹುಬ್ಬಳ್ಳಿ

ಹೋಳಿಗಿ ಮಾಡ್ರಿ ಸರ್, ಏನ್ ವಿಚಾರ ಮಾಡ್ತೀರಿ. ತುಪ್ಪ ಕೈಬಿಚ್ಚಿ ಹಾಕಸ್ರಿ.


ಕಿರಿಮಗ, ತುಮಕೂರು

ಒಬ್ಬಟ್ಟೇ. ಭಾನುವಾರ ಒಳ್ಳೆ ದಿನಾನೇ, ಅಮ್ಮನ್ನ ಕೇಳಿ ಹೇಳ್ತಿದ್ದೀನಿ.


ನಿವೃತ್ತ ಮೇಷ್ಟ್ರು, ಶಿವಮೊಗ್ಗ ಜಿಲ್ಲೆ

ಹಾಗಾದರೆ ಒಬ್ಬಟ್ಟು ಎಂದು ತೀರ್ಮಾನವಾಯಿತು, ಕಡಲೆಬೇಳೆ ನೆನೆಹಾಕಲು ಹೇಳುತ್ತೇನೆ. ಇನ್ನೊಂದು ವಿಷಯ ಈಗಷ್ಟೇ ತಿಳಿಯಿತು. ಹುಡುಗ ಮೊಟ್ಟೆ ತಿನ್ನುತ್ತಾನಂತೆ. ಮಗನ ವಿಷಯ ನಿಧಾನವಾಗಿ ಒಪ್ಪಿಕೊಳ್ಳುತ್ತೇನೆ, ಮೊಟ್ಟೆಯ ವಿಷಯಕ್ಕೆ ಮಾತ್ರ ತನಗೆ ಇನ್ನೂ ಸ್ವಲ್ಪ ಕಾಲಾವಕಾಶ ಬೇಕು ಎನ್ನುತ್ತಿದ್ದಾಳೆ ನನ್ನ ಪತ್ನಿ.